ಶುಕ್ರವಾರ ಮಾರದವಳು

ವೀರೇಶ, ಸಾನ್ವಿ,

ಮೊನ್ನೆ ನಿಮ್ಮ ಅವ್ವನ ಜೊತೆ ಗದಗಿನ ಒಂದು ಪ್ರೆಸ್ಸಿಗೆ ಹೋಗಿದ್ದೆ. ಲಕ್ಷ್ಮೇಶ್ವರದ ನಿಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಕಾರ್ಡು ಅಚ್ಚು ಹಾಕಿಸುವುದಿತ್ತು. ಯಾವ ಪ್ರೆಸ್ಸು ಎಂದು ನಾನು ಕೇಳಿರಲಿಲ್ಲ. ಆಟೋ ಇಳಿದು ಒಳಗೆ ಕಾಲಿಟ್ಟ ಮೇಲೆ ಮಸಿಯ ವಾಸನೆ, ಅದರ ಜೊತೆ ರೋಲರ್ ಒರೆಸುವ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಅದೇ ಕಲ್ಲಿನ ಮೆಟ್ಟಿಲು. ಮೇಲೆ ಅದೇ ಖೋಲಿ, ಈಗ ಬಾಗಿಲಿಗೆ ಬೀಗ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಯಾಕ ಬೇ, ಚಕ್ಕರ್ ಬಂತೇನು?" ಎಂದು ನಿಮ್ಮ ಅವ್ವ ನೀರು ತರಿಸಿದಳು. ನಾನು ಹೂಂ ಅಂದೆ. ಖರೆ ಹೇಳಬೇಕೆಂದರೆ ಅದು ಚಕ್ಕರ್ ಅಲ್ಲ, ನಾಚಿಕೆ.

ಅದೇ ಸಂಜೆ, ವೀರೇಶ, ನೀನು ಫೋನ್ ಮಾಡಿದೆ. "ಆಯಿ, ನಾನೂ ಶೇರಿನ ಅಕೌಂಟ್ ತಗದೇನಿ. ನಿನ್ನಂಗ ನಾನೂ ಶುಕ್ರವಾರ ಸ್ಟಾಪ್ ಹಾಕಂಗಿಲ್ಲ" ಅಂದೆ. ಸಾನ್ವಿ, ನೀನು ಶಾಲೆಯಲ್ಲಿ 'ನನ್ನ ಆಯಿ' ಎಂದು ಪ್ರಬಂಧ ಬರೆದು, ನನ್ನ ಆಯಿ ಶುಕ್ರವಾರ ಮಾರುವುದಿಲ್ಲ, ಸೋಮವಾರ ಗೆಲ್ಲುತ್ತಾಳೆ ಎಂದು ಓದಿ ಚಪ್ಪಾಳೆ ತಗೊಂಡೆಯಂತೆ. ನಿಮ್ಮಿಬ್ಬರ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಎದುರು ಕೂರಿಸಿಕೊಂಡು ಹೇಳುವ ಶಕ್ತಿ ನನಗಿಲ್ಲ, ಯಾವತ್ತೂ ಇರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಶ್ರಾವಣ ಅದು. ಆ ಸಲ ಹೆಸರುಕಾಳು ಕೊಯ್ಲಿಗೆ ಬಂದ ಹೊತ್ತಿಗೇ ಜಿಟಿಜಿಟಿ ಮಳೆ ಹಿಡಿದಿತ್ತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬೆಟಗೇರಿಯ ನಮ್ಮ ಓಣಿಯ ಬಾಗಿಲುಗಳು ದಿನವಿಡೀ ಬಡಿದುಕೊಳ್ಳುತ್ತಿದ್ದವು. ಮಳೆ ಬಂದಾಗಲೆಲ್ಲ ನನಗೆ ನಿಮ್ಮ ಅಜ್ಜನೇ ಕಣ್ಣ ಮುಂದೆ. ಮಾರ್ಕೆಟ್ ಯಾರ್ಡಿನಲ್ಲಿ ಅವರು ತೂಕದ ಕೆಲಸದವರು. ಹನಿ ಬಿದ್ದರೆ ಸಾಕು, ಯಾರದೋ ಹೆಸರುಕಾಳಿನ ರಾಶಿ ತೊಯ್ಯಬಾರದೆಂದು ತಾಡಪತ್ರಿ ಹಿಡಿದು ಓಡುವವರು. ಬದುಕಿಡೀ ಮಂದಿಯ ಮಾಲು ತೂಗಿದರು, ತಮ್ಮದೆಂದು ಒಂದು ಚೀಲ ತೂಗಲಿಲ್ಲ. ವ್ಯಾಪಾರಸ್ಥರು ಅವರನ್ನು ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. "ಏ ತಕ್ಕಡಿ, ಇಲ್ಲಿ ಬಾ" ಅನ್ನುತ್ತಿದ್ದರು. ಬುತ್ತಿ ಕೊಡಲು ಹೋದಾಗ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎದುರು ಮನೆಯ ಬೀಬಿಜಾನ ನಿಮಗೆ ಗೊತ್ತು. ಅವಳೂ ನನ್ನ ಹಾಗೆ ಒಂಟಿ. ಸೀರೆಗೆ ಫಾಲ್ ಹಚ್ಚಿ, ಅಂಚು ಹೊಲಿದು ಬದುಕುವವಳು, ಎಲ್ಲವೂ ಕೈಯಿಂದ. ಆ ವರ್ಷ ಅವಳ ಕಣ್ಣು ಮಂಜಾಗತೊಡಗಿತ್ತು. ಪಿಕೋ ಮಾಡುವ ಮಷೀನು ತಗೊಂಡರೆ ಕಣ್ಣಿಗೆ ಇಷ್ಟು ತ್ರಾಸಿಲ್ಲ, ಮನೆಯ ಮುಂದಿನ ಕಟ್ಟೆಯ ಮೇಲೇ ಅಂಗಡಿ ಇಡಬಹುದು ಎಂಬುದು ಅವಳ ಆಸೆ. ಅದಕ್ಕೆಂದು ಕೂಡಿಟ್ಟದ್ದು ಇನ್ನೂ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಸೀರೆ ಕೊಡಲು ಬಂದ ಯಾರೋ ಹೇಳಿದರು, ಗದಗಿನಲ್ಲಿ ಪ್ರೆಸ್ಸಿನ ಮೇಲಿನ ಖೋಲಿಯಲ್ಲಿ ದೇಸಾಯಿ ಮಾಸ್ತರರು ಹೆಣ್ಣುಮಕ್ಕಳಿಗೆ ಶೇರಿನ ವ್ಯವಹಾರ ಕಲಿಸುತ್ತಾರೆ ಎಂದು.

"ನೀಲಕ್ಕ, ಒಬ್ಬಾಕೀನ ಹೋಗಾಕ ನನಗ ನಾಚಿಕಿ. ನೀನೂ ಬಾ" ಅಂದಳು.

"ನನಗ ನಿನ್ನಕಿಂತ ಹೆಚ್ಚ ನಾಚಿಕಿ ಐತೆಲಾ."

"ಹಂಗಾರ ಚಲೋನ ಆತು. ನಿನ್ನ ಮುಂದ ನನ್ನ ನಾಚಿಕಿ ಯಾರಿಗೂ ಕಾಣಂಗಿಲ್ಲ."

ಹೀಗೆ ಹೋದದ್ದು ನಾನು. ಕೊರ್ಲಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಶಾಲೆಯಲ್ಲೂ ಉತ್ತರ ಗೊತ್ತಿದ್ದು ಕಾಲ್ಬೆರಳು ನೋಡುತ್ತ ನಿಲ್ಲುತ್ತಿದ್ದೆ. ಅಕ್ಕೋರು ಬೈದು ಕೂರಿಸುವ ತನಕ ಬಾಯಿ ಬಿಡುತ್ತಿರಲಿಲ್ಲ.

ನಾವು ನಾಲ್ಕೈದು ಮಂದಿ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದೆವು. ಕೆಳಗೆ ಮಷೀನು ಓಡುವಾಗ ನೆಲ ನಡುಗುತ್ತಿತ್ತು. ಮಾಸ್ತರರು ಮೊದಲ ದಿನವೇ ಹೇಳಿದರು. "ಯಾವ ಶೇರು ತಗೋಬೇಕಂತ ನಾ ಹೇಳಂಗಿಲ್ಲ. ಹೆಂಗ ಹುಡುಕಬೇಕು, ಹೆಂಗ ಬಿಡಬೇಕು, ಅಷ್ಟ ಹೇಳ್ತೇನಿ. ಇದು ಮೊಮ್ಮಕ್ಕಳಿಗೆ ಇಡೂ ಶೇರಲ್ಲ. ಎರಡು ದಿನ, ಹತ್ತು ದಿನ, ಬಾಳ ಆದ್ರ ಮೂರು ವಾರ. ಏರಿದಾಗ ಕೊಟ್ಟು ಹೊರಗ ಬರೂದು. ಬಿದ್ರ ಅದಕಿಂತ ಜಲ್ದಿ ಬರೂದು."

ದಿನಾ ನೂರಾರು ಮಂದಿ ಕೊಂಡು ಮಾರುವ ಶೇರು ಮಾತ್ರ ನೋಡಬೇಕು ಅನ್ನುತ್ತಿದ್ದರು. ನನಗೆ ಅದು ಕೂಡಲೇ ತಿಳಿಯಿತು. ನಾಲ್ಕು ವ್ಯಾಪಾರಸ್ಥರು ನಿಂತ ರಾಶಿಗೆ ಒಂದು ಧಾರಣೆ ಇರುತ್ತದೆ, ಒಬ್ಬನೇ ನಿಂತ ರಾಶಿಗೆ ಅವನು ಹೇಳಿದ್ದೇ ಧಾರಣೆ ಎಂದು ನಿಮ್ಮ ಅಜ್ಜ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಏರುತ್ತಿರುವ ಶೇರು ಒಂದು ಕಡೆ ನಿಂತು, ದಣಿವಾರಿಸಿಕೊಂಡು, ಮತ್ತೆ ಏರಲು ಹೊರಟಾಗ ಹಿಡಿಯಬೇಕು ಎಂದಾಗ ನನಗೆ ಕೊರ್ಲಹಳ್ಳಿಯ ಹೊಳೆ ನೆನಪಾಯಿತು. ಮಳೆಗಾಲದಲ್ಲಿ ತುಂಗಭದ್ರೆ ಒಂದು ಮೆಟ್ಟಿಲು ಏರಿ, ಅಲ್ಲೇ ಒಂದು ದಿನ ನಿಂತು, ಆಮೇಲೆ ಮುಂದಿನ ಮೆಟ್ಟಿಲು ಹಿಡಿಯುತ್ತಿತ್ತು. ಫೋನಿನಲ್ಲಿ ಆ ಗೆರೆಗಳನ್ನು ನೋಡುವಾಗ ನನಗೆ ಹೊಳೆಯೇ ಕಾಣುತ್ತಿತ್ತು. ಕಂಪನಿಯ ಲಾಭ ನಷ್ಟದ ಫಲಿತಾಂಶ ಬರುವ ದಿನ ಹತ್ತಿರವಿದ್ದರೆ ಆ ಶೇರಿನ ಬಾಜೂ ಸುಳಿಯಬಾರದು, ಇದ್ದದ್ದನ್ನೂ ಮೊದಲೇ ಕೊಟ್ಟುಬಿಡಬೇಕು ಎಂದೂ ಹೇಳಿದ್ದರು. ಬೀಬಿಜಾನ ಅದರ ಮೇಲೆ ತನ್ನದೊಂದು ಸೇರಿಸಿದಳು. ಬಡ್ಡಿಯ ವ್ಯವಹಾರದ ಕಂಪನಿ, ಕುಡಿಯುವ ಸೆರೆ ಮಾಡುವ ಕಂಪನಿ ತನಗೆ ಬೇಡ ಅಂದಳು. ಮಾಸ್ತರರು ನಕ್ಕು, "ಚಲೋ ಆತು, ಆರಿಸೂ ಕೆಲಸ ಕಡಿಮಿ ಆತು" ಅಂದರು.

ಅವರು ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಸ್ಟಾಪಿನ ಬಗ್ಗೆ. ಶೇರು ಕೊಳ್ಳುವ ಮೊದಲೇ, ಎಲ್ಲಿಗೆ ಇಳಿದರೆ ಮಾರುತ್ತೇನೆ ಎಂದು ನಿಶ್ಚಯ ಮಾಡಬೇಕು. ದಿನಾ ಮುಂಜಾನೆ ಪೇಟೆ ತೆರೆಯುವ ಮುಂಚೆ ಆ ಬೆಲೆಗೆ ಮಾರುವ ಆರ್ಡರು ಹಾಕಿಡಬೇಕು. ನಾವು ಹಾಕುತ್ತಿದ್ದ ಆರ್ಡರು ಸಂಜೆಗೆ ತಾನೇ ರದ್ದಾಗುತ್ತಿತ್ತು, ಮರುದಿನ ಮತ್ತೆ ಹಾಕಬೇಕು. "ಎಷ್ಟು ರೊಕ್ಕ ಹೋದ್ರೂ ನಿಮಗ ಊಟ ಸೇರತೈತಿ, ಅದನ್ನ ಮೊದಲ ಹೇಳ್ರಿ. ಎಷ್ಟು ಶೇರು ಅನ್ನೂದು ಅದರ ಮ್ಯಾಲ ಬರ್ತೈತಿ. ಎಲ್ಲಾ ರೊಕ್ಕ ಒಂದರಾಗ ಹಾಕೂದು ಬ್ಯಾಡ. ಸ್ಟಾಪ್ ಕೆಳಗ ಸರಸೂದೂ ಬ್ಯಾಡ" ಅನ್ನುತ್ತಿದ್ದರು. ಪ್ರತಿ ಸಲವೂ ಅನ್ನುತ್ತಿದ್ದರು.

ನಾನೂ ಬೀಬಿಜಾನಳೂ ನೀರಿನ ಪಂಪು ಮಾಡುವ ಒಂದು ಕಂಪನಿಯ ಶೇರು ಆರಿಸಿದೆವು. ಕೊಂಡದ್ದು ಸ್ವಲ್ಪವೇ. ದಿನಾ ಮುಂಜಾನೆ ಅವಳು ತನ್ನ ಕಟ್ಟೆಯ ಮೇಲೆ, ನಾನು ನನ್ನ ಬಾಗಿಲಲ್ಲಿ, ಫೋನು ಹಿಡಿದು ಸ್ಟಾಪು ಹಾಕುತ್ತಿದ್ದೆವು. "ಹಾಕಿದೇನು?" ಎಂದು ಅವಳು ಕೇಳುವುದು, ನಾನು ತಲೆ ಆಡಿಸುವುದು. ಹಾಲು ಹಾಕುವವನಿಗೆ ಅದೊಂದು ತಮಾಷೆ. "ಏನಬೇ, ಇಬ್ಬರೂ ಮುಂಜಾನೆದ್ದು ಬಟನ್ ಒತ್ತೂ ನೌಕರಿ ಹಿಡದೀರೇನು?" ಅನ್ನುತ್ತಿದ್ದ.

ಶುಕ್ರವಾರ ಬಂತು, ಶ್ರಾವಣದ ಶುಕ್ರವಾರ. ನಮ್ಮ ಅತ್ತಿ ಲಕ್ಷ್ಮೇಶ್ವರದವರು, ಬಾಳ ಕಟ್ಟುನಿಟ್ಟು. ಶುಕ್ರವಾರ ಮನೆಯಿಂದ ರೊಕ್ಕ, ಉಪ್ಪು, ಮೊಸರು ಹೊರಗೆ ಹೋಗಬಾರದು, ಲಕ್ಷ್ಮಿ ಸಿಟ್ಟಾಗುತ್ತಾಳೆ ಎಂದು ನಾನು ಮದುವೆಯಾಗಿ ಬಂದ ವಾರವೇ ಹೇಳಿದ್ದರು. ಅವರು ಹೋದ ಮೇಲೂ ನಾನು ಅದನ್ನು ಮೀರಿರಲಿಲ್ಲ. ಆ ಮುಂಜಾನೆ ಸಾರಿಸಿ, ದೀಪ ಹಚ್ಚಿ, ಫೋನು ಕೈಗೆ ತಗೊಂಡೆ. ಮಾರುವ ಬಟನ್ನು ಕೆಂಪಗೆ ಕಂಡಿತು. ಲುಕ್ಸಾನಿನಲ್ಲಿ ಮಾರುವುದೆಂದರೆ ಲಕ್ಷ್ಮಿಯನ್ನು ಕೈ ಹಿಡಿದು ಹೊಸ್ತಿಲ ಆಚೆ ಬಿಟ್ಟಂತೆ ಅನ್ನಿಸಿತು. ಫೋನನ್ನು ಗೋಡೆಯಲ್ಲಿನ ದೇವರ ಮಾಡದ ಪಕ್ಕದಲ್ಲಿಟ್ಟು ಒಳಗೆ ಹೋದೆ. ಬೀಬಿಜಾನ ಕೇಳಿದಾಗ ಎಂದಿನಂತೆ ತಲೆ ಆಡಿಸಿದೆ.

ಆ ಮಧ್ಯಾಹ್ನ ಶೇರು ಜಾರಿತು. ಸ್ಟಾಪು ಹಾಕಿದ್ದ ಬೀಬಿಜಾನಳದು ಚಿಕ್ಕ ಲುಕ್ಸಾನಿನಲ್ಲಿ ಮಾರಿ ಹೋಯಿತು, ಮಾಸ್ತರರು ಹೇಳಿಕೊಟ್ಟ ಹಾಗೆ. ನನ್ನದು ಇನ್ನೂ ಕೆಳಗೆ ಇಳಿಯಿತು. ಶನಿವಾರ, ರವಿವಾರ ಪೇಟೆ ಇರುವುದಿಲ್ಲ. ಆ ಎರಡು ದಿನ ಮಾಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ನಿಮ್ಮ ಅಜ್ಜ ಬಿಟ್ಟುಹೋದದ್ದರಲ್ಲಿ ತೆಗೆದು ಹಾಕಿದ್ದೆನಲ್ಲ. ಸೋಮವಾರ ಆ ಕಂಪನಿಗೆ ಯಾವುದೋ ದೊಡ್ಡ ಆರ್ಡರು ಸಿಕ್ಕ ಸುದ್ದಿ ಬಂತು. ಪೇಟೆ ತೆರೆಯುತ್ತಲೇ ಶೇರು ಮೇಲೆ ಹೋಗಿತ್ತು, ಬುಧವಾರದ ತನಕ ಏರುತ್ತಲೇ ಇತ್ತು. ನಾನು ಮಾರಿ ಹೊರಬಂದೆ.

ಮರುದಿನ ಗುರುವಾರ, ಪಾಠದ ದಿನ, ಪ್ರೆಸ್ಸಿನ ಮೆಟ್ಟಿಲ ಮೇಲೆ ನಾವೆಲ್ಲ ಮಳೆಗೆ ನಿಂತಿದ್ದೆವು. ಮಾಸ್ತರರು ಶಿರಹಟ್ಟಿಗೆ ಹೋದವರು ಇನ್ನೂ ಬಂದಿರಲಿಲ್ಲ.

"ನಾ ಎಲ್ಲಾ ಪಾಠದಂಗ ಮಾಡಿ ಕಳಕೊಂಡೆ. ಈಕಿ ಸುಮ್ಮನ ಕುಂತು ಗೆದ್ಲು" ಎಂದು ಬೀಬಿಜಾನ ನಗುತ್ತ ಎಲ್ಲರ ಮುಂದೆ ಹೇಳಿದಳು. "ಹೆಂಗ ಗೊತ್ತಾತು ನೀಲಕ್ಕ ನಿನಗ?"

ಎಲ್ಲರೂ ನನ್ನನ್ನೇ ನೋಡಿದರು. ನಾನು ಕಾಲ್ಬೆರಳು ನೋಡಿದೆ. "ಶುಕ್ರವಾರ ನಾ ಮಾರಂಗಿಲ್ಲ" ಅಂದೆ, ನನಗೇ ಕೇಳದಷ್ಟು ಸಣ್ಣಗೆ.

"ಕೇಳಿದ್ರೇನು? ಇದು ಇವರ ಯಜಮಾನ್ರು ಹೇಳಿಕೊಟ್ಟದ್ದ ಇರಬೇಕು" ಅಂದಳು ಬೀಬಿಜಾನ. "ತಕ್ಕಡಿ ತಕ್ಕಡಿ ಅಂತ ಕರೀತಿದ್ರು ಮಂದಿ. ಇಡೀ ಮಾರ್ಕೆಟ್ ತಲಿಯೊಳಗ ಇಟ್ಕೊಂಡಿದ್ರು ನೋಡ್ರಿ ಆ ಮನಷ್ಯಾ."

ಇನ್ನೊಬ್ಬಳು, "ಹೌದಲ್ಲ, ಅಷ್ಟು ವರ್ಷ ಯಾರ್ಡಿನಾಗ ಇದ್ದವರು, ಗೊತ್ತಿಲ್ದ ಇರತೈತೇನು" ಅಂದಳು.

ಇಲ್ಲ, ಇದು ನಮ್ಮ ಅತ್ತಿ ಹೇಳಿದ ಮಾತು, ಮೊಸರು ಉಪ್ಪಿನ ಮಾತು, ಶೇರಿನದಲ್ಲ, ಮತ್ತು ಎರಡು ದಿನ ನಾನು ಅಂಜಿ ಸತ್ತಿದ್ದೆ ಎಂದು ಅಲ್ಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಾಚಿಕೆ ಒಂದೇ ಅದಕ್ಕೆ ಕಾರಣ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ನಿಮಗೆ ಪೂರ್ತಿ ಹೇಳುತ್ತೇನೆ. ನಿಮ್ಮ ಅಜ್ಜನ ಬಗ್ಗೆ ನಾಲ್ಕು ಜನ ಕೂಡಿ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಮಾತು ಇನ್ನಷ್ಟು ಹೊತ್ತು ನಡೆಯಲಿ ಎಂದು ಸುಮ್ಮನಿದ್ದೆ.

"ಮಾಸ್ತರ ಮುಂದ ಯಾರೂ ಹೇಳಬ್ಯಾಡ್ರಿ ಮತ್ತ, ಬೈತಾರ" ಎಂದು ಬೀಬಿಜಾನ ಎಲ್ಲರಿಗೂ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿನಗ ಶುಕ್ರವಾರ, ನನಗ ಜುಮ್ಮಾ. ಇಬ್ಬರಿಗೂ ಚಲೋ ದಿನ. ಇನ್ನ ನಾನೂ ಹಾಕಂಗಿಲ್ಲ" ಅಂದಳು.

ಆ ಎರಡು ದಿನದ ಸಂಕಟ ನನಗೆ ಒಂದು ಬುದ್ಧಿ ಕಲಿಸಿತ್ತು. ಶುಕ್ರವಾರ ಮಾರಲು ಮನಸ್ಸು ಬರುವುದಿಲ್ಲ, ಅತ್ತಿಯ ಮಾತು ಬಿಡುವುದಾಗುವುದಿಲ್ಲ. ಹಾಗಾದರೆ ಅಲುಗಾಡುವ ಶೇರು ಯಾವುದಿದ್ದರೂ ಗುರುವಾರವೇ ಕೊಟ್ಟುಬಿಡಬೇಕು. ಅಂದಿನಿಂದ ಹಾಗೇ ಮಾಡಿದೆ. ಗುರುವಾರ ಮಧ್ಯಾಹ್ನ ಪಾಠಕ್ಕೆ ಹೊರಡುವ ಮೊದಲು, ಒಬ್ಬಳೇ ಕೂತು, ಸಂಶಯ ಬಂದದ್ದನ್ನು ಮಾರುತ್ತಿದ್ದೆ. ಮಂದಿ ಶುಕ್ರವಾರದ ಅರ್ಧ ಮಾತ್ರ ಕೇಳಿದ್ದರು. ಗುರುವಾರದ ಅರ್ಧ ನನ್ನ ಹತ್ತಿರವೇ ಉಳಿಯಿತು. ಅದನ್ನು ಹೇಳಿದರೆ ಮೊದಲಿನದೂ ಬಿಚ್ಚಿಕೊಳ್ಳುತ್ತದಲ್ಲ ಎಂದು ದಿನಕ್ಕೊಂದು ನೆಪ ಮಾಡಿದೆ.

ಮಹಾನವಮಿ ಕಳೆದು ಮಳೆ ಹಿಂದೆ ಸರಿದಿತ್ತು. ಒಂದು ಔಷಧ ಕಂಪನಿಯ ಶೇರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಮೊದಲು ಕೊಂಡವಳು ನಾನು, ನನ್ನನ್ನು ನೋಡಿ ಬೀಬಿಜಾನ ಕೊಂಡಳು. ನನ್ನ ಹಾಗೆ ಸ್ವಲ್ಪ ಅಲ್ಲ, ಮಷೀನಿಗೆಂದು ಕೂಡಿಟ್ಟದ್ದಷ್ಟನ್ನೂ ಹಾಕಿದಳು. "ಇದೊಂದು ಸಲ ನೀಲಕ್ಕ. ಮಷೀನು ಬರೂದಷ್ಟ ಬಂದ್ರ ಸಾಕು, ಆಮ್ಯಾಗ ಈ ಫೋನ್ ಮುಟ್ಟಂಗಿಲ್ಲ" ಅಂದಳು. ಆ ಕಂಪನಿಯ ಫಲಿತಾಂಶ ಶನಿವಾರ ಬರುವುದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಗುರುವಾರ. ನಾನು ಮಾರಿಬಿಟ್ಟೆ. ಆ ವಾರ ಪಾಠ ಇರಲಿಲ್ಲ, ಅವಳಿಗೆ ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಅವಳ ಮನೆಗೆ ಬೀಗರು ಬಂದಿದ್ದರು, ಮುಂಜಾನೆ ಹೇಳೋಣ ಅಂದುಕೊಂಡೆ.

ಮುಂಜಾನೆ ಅವಳೇ ಬಂದಳು. ನಾನು ಹೊಸ್ತಿಲ ಒಳಗೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದೆ. ಅವಳು ಹೊಸ್ತಿಲ ಮೇಲೆ ಕೂತು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಯಾಕೋ ಎದಿ ಡವಗುಡತೈತಿ. ಇವತ್ತ ಸ್ಟಾಪ್ ಹಾಕಲೇನು, ಬಿಡಲೇನು?"

ನಾನು ಕಾಳಿನಲ್ಲಿ ಕಲ್ಲು ಹುಡುಕುತ್ತಿದ್ದೆ.

"ನಿಂದು ಐತಲಾ ಇನ್ನೂ?"

ಇಲ್ಲ ಅನ್ನಬೇಕಿತ್ತು. ಎರಡು ಅಕ್ಷರ. "ಚಾ ಕುಡೀತೀಯೇನು?" ಅಂದೆ.

ಅವಳು ನಕ್ಕಳು. "ನೋಡು, ನಾನೆಂಥಾಕಿ. ನೀ ಮಾರಂಗಿಲ್ಲ ಅನ್ನೂದು ಗೊತ್ತಿದ್ದೂ ಶುಕ್ರವಾರ ಮುಂಜಾನೆದ್ದು ಕೇಳಾಕ ಬಂದೇನಿ. ಚಾ ಬ್ಯಾಡ, ಸೀರಿ ಕೊಡೂದೈತಿ" ಎಂದು ಎದ್ದು ಹೋದಳು. ಅವಳು ಓಣಿ ದಾಟಿ ತನ್ನ ಕಟ್ಟೆ ಹತ್ತುವ ತನಕ ನೋಡುತ್ತಿದ್ದೆ. ಕರೆದರೆ ಕೇಳುವಷ್ಟು ಹತ್ತಿರ.

ಅವತ್ತು ಮಧ್ಯಾಹ್ನ ಶೇರು ಅವಳ ಸ್ಟಾಪಿನ ಬೆಲೆಗಿಂತ ಸ್ವಲ್ಪ ಕೆಳಗಿಳಿಯಿತು. ಆರ್ಡರು ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಶನಿವಾರದ ಫಲಿತಾಂಶ ಕೆಟ್ಟದಾಗಿ ಬಂತು. ಸೋಮವಾರ ಪೇಟೆ ತೆರೆದಾಗ ಆ ಶೇರನ್ನು ಮಾರುವವರೇ ಎಲ್ಲ, ಕೊಳ್ಳುವವರು ಒಬ್ಬರೂ ಇಲ್ಲ. ಅವಳು ಬಟನ್ನು ಒತ್ತಿದಳು, ಒತ್ತಿದಳು, ಮಾರಿ ಹೋಗಲಿಲ್ಲ. ಮರುದಿನವೂ ಹಾಗೇ. ಕೊನೆಗೆ ಯಾರೋ ಕೊಳ್ಳುವ ಹೊತ್ತಿಗೆ ಮಷೀನಿನ ಮಾತು ಮುಗಿದಿತ್ತು.

ಮುಂದಿನ ಪಾಠದಲ್ಲಿ ಮಾಸ್ತರರು ಅವಳ ಫೋನು ತಗೊಂಡು ಬಾಳ ಹೊತ್ತು ನೋಡಿದರು. ಕೆಳಗೆ ಪ್ರೆಸ್ಸಿನ ಮಷೀನು ನಿಂತಿತ್ತು.

"ಎಲ್ಲಾ ದಿನ ಸ್ಟಾಪ್ ಹಾಕೀರಿ ಬೀಬಿಜಾನಾರ. ಶುಕ್ರವಾರ ಅಷ್ಟ ಇಲ್ಲ. ಹಿಂದಿನ ಶುಕ್ರವಾರನೂ ಇಲ್ಲ. ಯಾರು ಹೇಳಿದ್ರು ನಿಮಗ ಇದನ್ನ?"

ಉಳಿದವರು ನನ್ನ ಕಡೆ ಒಂದು ಸಲ ನೋಡಿ ಕಣ್ಣು ಕೆಳಗೆ ಹಾಕಿದರು. ಬೀಬಿಜಾನ ನೋಡಲೂ ಇಲ್ಲ.

"ಯಾರೂ ಇಲ್ರಿ. ನಾನ ಮರತೆ" ಅಂದಳು.

ನಾನು ಕಿಟಕಿಯ ಬಳಿ ಕೂತಿದ್ದೆ. ಮಸಿ ಮತ್ತು ಸೀಮೆಎಣ್ಣೆಯ ವಾಸನೆ ಕೆಳಗಿನಿಂದ ಬರುತ್ತಿತ್ತು. ಮಾಸ್ತರರು ಸಿಟ್ಟಾಗಲಿಲ್ಲ, "ಮರಿಯೂವಂಥಾದ್ದಲ್ಲ ಇದು" ಎಂದು ಫೋನು ತಿರುಗಿ ಕೊಟ್ಟರು, ಅಷ್ಟೇ. ಬೀಬಿಜಾನ ನಿಮ್ಮ ಅಜ್ಜನ ಮರ್ಯಾದೆ ಕಾಯ್ದಳು, ನನ್ನದನ್ನೂ ಕಾಯ್ದಳು. ಎರಡಕ್ಕೂ ತೆತ್ತ ಬೆಲೆ ಅವಳ ಮಷೀನು. ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕದಲ್ಲೇ ಕೂತಿದ್ದಳು. "ನೀ ಯಾಕ ಮುಖ ಸಣ್ಣದ ಮಾಡೀದಿ? ನಿಂದೂ ಹೋತಲಾ, ಇಬ್ಬರದೂ ಹೋತು. ನನ್ನ ನಸೀಬ ನಿನಗೂ ಹತ್ತಿತು" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಕೈ ಬಿಡಿಸಿಕೊಳ್ಳಲೂ ಇಲ್ಲ, ಬಾಯಿ ಬಿಡಲೂ ಇಲ್ಲ.

ಆ ದೀಪಾವಳಿಯ ನಂತರ ನಾನು ಆ ಮೆಟ್ಟಿಲು ಹತ್ತಲಿಲ್ಲ. ಮಂದಿ ಕೇಳಿದಾಗ ವಯಸ್ಸಾಯಿತು ಅಂದೆ. ಆದರೆ ಪಂಪಿನ ಶೇರಿನ ಕಥೆ ಓಣಿಯಲ್ಲಿ ಉಳಿಯಿತು. ಬೀಬಿಜಾನಳೇ ಅದನ್ನು ನಿಮ್ಮ ಅವ್ವನಿಗೆ ಹೇಳಿದಳು, ನಿಮ್ಮ ಅವ್ವ ನಿಮಗೆ ಹೇಳಿದಳು. ಕಳೆದುಕೊಂಡವಳೇ ಗೆದ್ದವಳ ಕಥೆ ಹೇಳಿಕೊಂಡು ತಿರುಗಿದಳು. ಔಷಧ ಕಂಪನಿಯ ಕಥೆ ನಿಮ್ಮ ತನಕ ಬರಲೇ ಇಲ್ಲ.

ಕಾರ್ಡು ಬಂದ ಮೇಲೆ ಮೊದಲನೆಯದನ್ನು ಬೀಬಿಜಾನಳಿಗೆ ಕೊಡಬೇಕೆಂದು ನಿಮ್ಮ ಅವ್ವ ಹೇಳಿದಳು. ನಿನ್ನೆ ತಗೊಂಡು ಹೋದೆ. ಅವಳು ಬೆಳಕಿಗೆಂದು ಬಾಗಿಲಿಗೆ ಒತ್ತಿ ಕೂತು ಸೀರೆಯ ಅಂಚು ಹೊಲಿಯುತ್ತಿದ್ದಳು, ಇನ್ನೂ ಕೈಯಿಂದಲೇ. ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, "ಮಸಿ ವಾಸನಿ ಇನ್ನೂ ಹೋಗಿಲ್ಲ ನೋಡು" ಅಂದಳು. ಆಗ ಹೇಳಿದೆ. ಅತ್ತಿಯ ಮಾತು, ಮೆಟ್ಟಿಲ ಮೇಲಿನ ಮಾತು, ಗುರುವಾರ ಮಾರಿದ್ದು, ಚಾ ಕೇಳಿದ್ದು, ಎಲ್ಲ. ಸೀರೆಯ ಅಂಚು ನೋಡುತ್ತಲೇ ಹೇಳಿದೆ, ಮುಖ ನೋಡಲಿಲ್ಲ.

ಅವಳ ಸೂಜಿ ನಿಂತಿತು. "ಅವತ್ತ ಹೇಳಿದ್ರ ನಾ ಕೇಳ್ತಿದ್ದೆ ನೀಲಕ್ಕ" ಅಂದಳು. ಬೈಯಲಿಲ್ಲ, ಬಿಡು ಅನ್ನಲೂ ಇಲ್ಲ. ಮತ್ತೆ ಹೊಲಿಯತೊಡಗಿದಳು. ದಾರ ಮುಗಿದಾಗ ಸೂಜಿಯ ಕಣ್ಣು ಅವಳಿಗೆ ಸಿಗಲಿಲ್ಲ. ಎರಡು ಸಲ ತಪ್ಪಿತು. ಸೂಜಿ ದಾರ ಎರಡನ್ನೂ ನನ್ನ ಕಡೆ ನೋಡದೆ ನನ್ನ ಮುಂದೆ ಹಿಡಿದಳು. ನಾನು ಪೋಣಿಸಿ ಕೊಟ್ಟೆ. ಇವತ್ತೂ ಹೋಗಿ ಪೋಣಿಸಿ ಕೊಟ್ಟು ಬಂದೆ. ಅವಳು ನನ್ನ ಜೊತೆ ಮಾತು ಇನ್ನೂ ಆಡಿಲ್ಲ.

ವೀರೇಶ, ನೀನು ಶೇರು ಮಾಡು, ಬೇಡ ಅನ್ನುವುದಿಲ್ಲ. ಶುಕ್ರವಾರವೂ ಸ್ಟಾಪು ಹಾಕು. ಗೆದ್ದಾಗ, ಯಾಕೆ ಗೆದ್ದೆ ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಮಾರಿದ್ದರೆ ಮಾರಿದೆ ಅನ್ನು. ಸಾನ್ವಿ, ನಿನ್ನ ಪ್ರಬಂಧದಲ್ಲಿ ಬೀಬಿಜಾನಳ ಹೆಸರಿಲ್ಲ. ಇನ್ನೊಮ್ಮೆ ಬರೆಯುವುದಾದರೆ ಮೊದಲು ಅವಳಿಂದ ಶುರು ಮಾಡು. ನಿಮ್ಮ ಅಜ್ಜನ ಬಗ್ಗೆ ಬರೆದರೆ ಯಾರ್ಡಿನಲ್ಲಿ ತೂಕ ಮಾಡುತ್ತಿದ್ದರು, ಯಾರ ರಾಶಿಯನ್ನೂ ತೊಯ್ಯಲು ಬಿಡಲಿಲ್ಲ ಎಂದಷ್ಟೇ ಬರೆ. ಅಷ್ಟು ಸಾಕಿತ್ತು ಅವರಿಗೆ. ನನಗೆ ಸಾಲಲಿಲ್ಲ.

ಈ ಹಾಳೆಗಳನ್ನು ಟ್ರಂಕಿನ ತಳಕ್ಕೆ ಹಾಕಬೇಡಿ, ನುಸಿ ಹಿಡಿಯುತ್ತದೆ. ಹೊಸ ಮನೆಯಲ್ಲಿ ದೇವರ ಖೋಲಿಯ ಮಾಡದಲ್ಲಿ, ಶುಕ್ರವಾರ ದೀಪ ಹಚ್ಚುವಾಗ ಕೈಗೆ ಸಿಗುವ ಹಾಗೆ, ಜೋಪಾನವಾಗಿ ಇಡಿ.